ಗಣಿ ತೋಡಿದ ನೆಲದಲ್ಲಿ ಮತ್ತೆ ಪೈರು

ಹೊಲದ ಮೇಲಿನ ಒಂದು ಗೇಣು ಮಣ್ಣನ್ನು ಯಾರಾದರೂ ಸುಲಿದು ಪಕ್ಕಕ್ಕೆ ಒಟ್ಟಿದರು ಅನ್ನಿ. ಆ ಜಾಗದಲ್ಲಿ ನೂರು ಅಡಿ ಆಳಕ್ಕೆ ತೋಡಿದರು, ಬೇಕಾದ ಖನಿಜವನ್ನು ತೆಗೆದುಕೊಂಡರು, ಹಳ್ಳವನ್ನು ಮುಚ್ಚಿದರು, ಕೊನೆಗೆ ಸುಲಿದಿಟ್ಟ ಮಣ್ಣನ್ನೇ ತಂದು ಮೇಲೆ ಹಾಸಿ, “ತಗೊಳ್ಳಪ್ಪಾ ನಿನ್ನ ಹೊಲ” ಎಂದು ಹಿಂದಕ್ಕೆ ಕೊಟ್ಟರು. ಆ ಹೊಲದಲ್ಲಿ ಮೊದಲಿನಂತೆ ಪೈರು ಬಂದೀತೇ? ಬರುವುದಾದರೆ ಯಾವ ಕ್ರಮದಿಂದ ಬರುತ್ತದೆ, ಎಷ್ಟು ವರ್ಷಕ್ಕೆ ಬರುತ್ತದೆ? ಇದೇ ಈ ಹೊತ್ತಿನ ಮಾತು. ಈ ಪ್ರಶ್ನೆಯನ್ನು ಇಟ್ಟುಕೊಂಡು ಅಮೆರಿಕಾದ ಬೇಸಾಯಗಾರರು ಬಹುಕಾಲ ಹೆಣಗಿದ್ದಾರೆ. ಅವರ ಅನುಭವದಲ್ಲಿ ನಮಗೂ ಒಂದೆರಡು ಪಾಠಗಳಿವೆ.

ಮೊದಲು ಮಣ್ಣಿನ ವಿಚಾರ. ಬಾವಿ ತೋಡುವಾಗ ನೀವೆಲ್ಲ ನೋಡಿದ್ದೀರಿ. ಮೇಲೆ ಕಪ್ಪಗೋ ಕೆಂಪಗೋ ಇರುವ ಹುಡಿ ಮಣ್ಣು, ಅದರ ಕೆಳಗೆ ಗಟ್ಟಿಯಾದ ಜೇಡಿ, ಇನ್ನೂ ಕೆಳಗೆ ಸುದ್ದೆ, ಗೊರಸು, ಆಮೇಲೆ ಬಂಡೆ. ಈ ಪದರಗಳು ಮನೆಯ ಅಟ್ಟದಂತೆ ಒಂದರ ಮೇಲೊಂದು ಸುಮ್ಮನೆ ಕೂತಿಲ್ಲ. ಮೇಲ್ಮಣ್ಣಿನಲ್ಲಿ ಕೊಳೆತ ಎಲೆ, ಬೇರು, ಗೊಬ್ಬರದ ಅಂಶ, ಎರೆಹುಳು, ಕಣ್ಣಿಗೆ ಕಾಣದ ಅಸಂಖ್ಯ ಜೀವಿಗಳು ಇರುತ್ತವೆ. ಒಂದು ಅಂಗುಲ ಮೇಲ್ಮಣ್ಣು ತಾನಾಗಿ ಆಗಬೇಕಾದರೆ ನೂರಾರು ವರ್ಷ ಹಿಡಿಯುತ್ತದೆ. ಕೆಳಮಣ್ಣು ನೀರನ್ನು ಹಿಡಿದಿಟ್ಟು ಬೇರಿಗೆ ಕೊಡುತ್ತದೆ. ಮೇಲಿನದು ಅಡುಗೆಮನೆ, ಕೆಳಗಿನದು ನೀರಿನ ಹಂಡೆ ಅಂತ ತಿಳಿಯಿರಿ. ಎರಡೂ ಸರಿಯಾಗಿದ್ದರೇ ಸಂಸಾರ ನಡೆದೀತು.

ಇನ್ನು ಕಥೆಗೆ ಬರೋಣ. ಅಮೆರಿಕಾದ ಇಲಿನಾಯ್ ಸಂಸ್ಥಾನ ಕಪ್ಪು ಮಣ್ಣಿನ ಸೀಮೆ. ಮೆಕ್ಕೆಜೋಳಕ್ಕೂ ಸೋಯಾ ಅವರೆಗೂ ಹೆಸರಾದ ನೆಲ. ಆ ಕಪ್ಪು ಮಣ್ಣಿನ ಕೆಳಗೆ ಕಲ್ಲಿದ್ದಲೂ ಉಂಟು. ಅಲ್ಲಿಯ ಡಾನ್‌ವಿಲ್ ಎಂಬ ಊರಿನ ಹತ್ತಿರ 1866ರಲ್ಲಿ ಕುದುರೆ ಕಟ್ಟಿದ ನೇಗಿಲಿನಿಂದಲೂ ಮಣ್ಣೆಳೆಯುವ ಹಲಗೆಗಳಿಂದಲೂ ಮೇಲಿನ ಮಣ್ಣನ್ನು ಎಳೆದುಹಾಕಿ ಕಲ್ಲಿದ್ದಲು ತೆಗೆಯಲು ಮೊದಲುಮಾಡಿದರು. ಸುರಂಗ ತೋಡದೆ ನೆಲವನ್ನೇ ತೆರೆದು ಅಗೆಯುವ ಈ ಪದ್ಧತಿ ಆ ದೇಶದಲ್ಲಿ ಹೀಗೆ ಶುರುವಾಯಿತು. ನೋಡಿ, ಉಳುವ ನೇಗಿಲೇ ಮೊದಲ ಗಣಿಯಂತ್ರವೂ ಆಯಿತು! ಮುಂದೆ ಉಗಿಯಂತ್ರದ ಸಲಿಕೆ ಬಂತು, ಆಮೇಲೆ ವಿದ್ಯುತ್ತಿನಿಂದ ನಡೆಯುವ ದೈತ್ಯ ಸಲಿಕೆಗಳು ಬಂದವು. ಅಗೆದ ಮಣ್ಣನ್ನೂ ಬಂಡೆಯನ್ನೂ ಕಲಸಿ ಸಾಲುಸಾಲು ದಿಬ್ಬಗಳಾಗಿ ಸುರಿದು, ಕಲ್ಲಿದ್ದಲು ಮುಗಿದ ಮೇಲೆ ಹಾಗೆಯೇ ಬಿಟ್ಟುಹೋಗುತ್ತಿದ್ದರು. ಮೇಲ್ಮಣ್ಣು ಅಡಿಗೆ, ಅಡಿಯ ಬಂಡೆ ಮೇಲಕ್ಕೆ. ಉಳುವುದಿರಲಿ, ದನ ಮೇಯಿಸುವುದಕ್ಕೂ ಆಗದ ನೆಲ.

ಕಲ್ಲಿದ್ದಲಿನ ಜೊತೆ ಬರುವ ಕೆಲವು ಬಂಡೆಗಳಲ್ಲಿ ಗಂಧಕ ಸೇರಿದ ಕಬ್ಬಿಣದ ಖನಿಜ ಇರುತ್ತದೆ. ನೆಲದೊಳಗೆ ಮುಚ್ಚಿಕೊಂಡಿರುವ ತನಕ ಅದರಿಂದ ಬಾಧೆಯಿಲ್ಲ. ಗಾಳಿ, ಮಳೆನೀರು ಸೋಕಿದರೆ ಸಾಕು, ಗಂಧಕಾಮ್ಲವಾಗಿ ಹರಿಯುತ್ತದೆ. ಅಂಥ ದಿಬ್ಬದ ಮೇಲೆ ಬೀಜ ಮೊಳೆಯುವುದಿಲ್ಲ. ಅಲ್ಲಿಂದ ಇಳಿದ ನೀರು ಹಳ್ಳ ಸೇರಿದರೆ ಮೀನು ಉಳಿಯುವುದಿಲ್ಲ.

ಇದಕ್ಕೆ ಕಟ್ಟುಪಾಡು ಬೇಕೆಂದು ಮೊದಲು ಎಚ್ಚತ್ತದ್ದು ವೆಸ್ಟ್ ವರ್ಜೀನಿಯಾ ಸಂಸ್ಥಾನ, 1939ರಲ್ಲಿ. ಇಂಡಿಯಾನಾ 1941ರಲ್ಲಿ, ಪೆನ್ಸಿಲ್ವೇನಿಯಾ 1945ರಲ್ಲಿ ಕಾನೂನು ಮಾಡಿದವು. ಆದರೆ ಆ ಕಾಲದ ಕಾನೂನುಗಳು ಬಲು ಮೆತ್ತಗಿದ್ದವು. ದಿಬ್ಬದ ನೆತ್ತಿಯನ್ನು ಸ್ವಲ್ಪ ತಟ್ಟಿ, ನಾಲ್ಕು ಗಿಡ ನೆಟ್ಟರೆ ಕೆಲಸ ಮುಗಿಯಿತು. ಒಂದು ಸಂಸ್ಥಾನ ಬಿಗಿ ಮಾಡಿದರೆ ಗಣಿಯವರು ಪಕ್ಕದ ಸಂಸ್ಥಾನಕ್ಕೆ ಹೋಗುವರು ಎಂಬ ಭಯವೂ ಇತ್ತು.

ಕೆಂಟಕಿ ಸಂಸ್ಥಾನದ ಗುಡ್ಡಗಾಡಿನ ರೈತರ ಪಾಡು ಇನ್ನೂ ಕಷ್ಟದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಗೂ ಇಪ್ಪತ್ತನೆಯದರ ಮೊದಲಿಗೂ ಅವರ ತಾತಂದಿರಿಂದ ನೆಲದೊಳಗಿನ ಖನಿಜದ ಹಕ್ಕನ್ನು ಎಕರೆಗೆ ಅರ್ಧ ಡಾಲರು, ಒಂದೆರಡು ಡಾಲರಿಗೆ ಬರೆಸಿಕೊಂಡಿದ್ದರು. ಆಗ ಇದ್ದದ್ದು ಸುರಂಗದ ಗಣಿ. ಮೇಲಿನ ಹೊಲಮನೆಗೆ ಏನೂ ಆಗದು ಎಂದು ನಂಬಿ ಆ ಜನ ಹೆಬ್ಬೆಟ್ಟು ಒತ್ತಿದರು, ಸಹಿ ಹಾಕಿದರು. ಐವತ್ತು ವರ್ಷ ಕಳೆದ ಮೇಲೆ ಮೊಮ್ಮಕ್ಕಳ ಕಾಲಕ್ಕೆ ಅದೇ ಪತ್ರ ಹಿಡಿದುಕೊಂಡು ಬುಲ್ಡೋಜರು ಬಂತು. ಮೇಲಿನ ನೆಲವನ್ನು ಕೆಡಿಸುವ ಹಕ್ಕೂ ಆ ಪತ್ರದಲ್ಲಿ ಅಡಗಿದೆ ಎಂದು ಅಲ್ಲಿಯ ನ್ಯಾಯಾಲಯ 1956ರಲ್ಲಿ ತೀರ್ಪು ಕೊಟ್ಟಿತು. 1965ರ ನವೆಂಬರ್ ತಿಂಗಳಲ್ಲಿ ನಾಟ್ ಕೌಂಟಿಯ ಆಲಿ ಕೂಂಬ್ಸ್ ಎಂಬ ವಿಧವೆ, ಅರವತ್ತು ದಾಟಿದ ಹೆಂಗಸು, ತನ್ನ ಮನೆಯ ಮೇಲಿನ ಗುಡ್ಡವನ್ನು ಅಗೆಯಲು ಬಂದ ಬುಲ್ಡೋಜರಿನ ಮುಂದೆ ಕೂತುಬಿಟ್ಟಳು. ಪೋಲೀಸಿನವರು ಕೈಕಾಲು ಹಿಡಿದು ಎತ್ತಿಕೊಂಡು ಹೋದರು. ಅಲ್ಲಿಯವರ ದೊಡ್ಡ ಸುಗ್ಗಿಯ ಹಬ್ಬದ ಊಟವನ್ನು ಆಕೆ ಸೆರೆಮನೆಯಲ್ಲಿ ಉಂಡಳು. ಎತ್ತಿಕೊಂಡು ಹೋಗುವ ಆ ಚಿತ್ರ ಪತ್ರಿಕೆಗಳಲ್ಲಿ ಅಚ್ಚಾಗಿ ನಾಡಿನ ಮನಸ್ಸನ್ನು ಕಲಕಿತು. ಮರುವರ್ಷ, 1966ರಲ್ಲಿ, ಕೆಂಟಕಿ ಸಂಸ್ಥಾನ ತೆರೆದ ಗಣಿಗಳ ಮೇಲೆ ಬಿಗಿಯಾದ ಕಾನೂನು ತಂದಿತು. ನೆಲದ ಒಡೆಯನ ಒಪ್ಪಿಗೆ ಇಲ್ಲದೆ ಹಳೆಯ ಪತ್ರದ ಬಲದಿಂದ ನೆಲ ತೆರೆಯಬಾರದೆಂದು ರಾಜ್ಯಾಂಗಕ್ಕೇ ತಿದ್ದುಪಡಿ ಆಗಬೇಕಾದರೆ ಮಾತ್ರ 1988 ಬರಬೇಕಾಯಿತು. ಅದನ್ನು ಜನ ಮತ ಹಾಕಿ ಭಾರಿ ಬಹುಮತದಿಂದ ಗೆಲ್ಲಿಸಿದರು.

ಇಡೀ ದೇಶಕ್ಕೆ ಒಂದೇ ಕಾನೂನು ಬೇಕೆಂಬ ಕೂಗು ಎದ್ದಿತು. ಅಮೆರಿಕಾದ ಸಂಸತ್ತು ಒಪ್ಪಿದ ಮಸೂದೆಯನ್ನು ಅಧ್ಯಕ್ಷ ಫೋರ್ಡ್ ಅವರು 1974ರಲ್ಲಿ ಒಮ್ಮೆ, 1975ರಲ್ಲಿ ಇನ್ನೊಮ್ಮೆ ತಡೆದರು. ಕೊನೆಗೆ 1977ರ ಆಗಸ್ಟ್ 3ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದರು. ಕಾರ್ಟರ್ ಸ್ವತಃ ಕಡಲೆಕಾಯಿ ಬೆಳೆಯುವ ಮನೆತನದವರು ಎಂಬುದು ನಿಮಗೂ ಗೊತ್ತಿದ್ದೀತು.

ಆ ಕಾನೂನಿನ ತಿರುಳು ಇಷ್ಟು. ಗಣಿ ತೆರೆಯುವ ಮೊದಲು ಮೇಲ್ಮಣ್ಣನ್ನು ಬೇರೆಯಾಗಿ ಸುಲಿಯಬೇಕು. ಕೂಡಲೆ ಹಾಸುವ ಜಾಗವಿಲ್ಲದಿದ್ದರೆ ಬೇರೆ ಮಣ್ಣು ಸೇರದಂತೆ ಒಟ್ಟಿ, ಬೇಗ ಚಿಗುರುವ ಹುಲ್ಲು ಬಿತ್ತಿ, ಗಾಳಿಮಳೆಗೆ ಕೊಚ್ಚಿಹೋಗದಂತೆ ಕಾಯಬೇಕು. ಉತ್ತಮ ಬೇಸಾಯದ ನೆಲವಾದರೆ ಮೇಲ್ಮಣ್ಣು ಬೇರೆ, ಕೆಳಮಣ್ಣು ಬೇರೆ ತೆಗೆದು, ಅದೇ ಕ್ರಮದಲ್ಲಿ ಹಿಂದಕ್ಕೆ ಹಾಸಬೇಕು. ಬೇರಿಳಿಯುವ ಮಣ್ಣು ಸಾಧಾರಣವಾಗಿ 48 ಅಂಗುಲಕ್ಕೆ, ಅಂದರೆ 4 ಅಡಿಗೆ, ಕಡಿಮೆಯಾಗಬಾರದು. ಮೊದಲೇ ಸರ್ಕಾರದಲ್ಲಿ ಠೇವಣಿ ಇಡಬೇಕು. ಹಸುರು ಹಿಡಿಸಿದ ಮೇಲೆ 5 ವರ್ಷ, ವರ್ಷಕ್ಕೆ 26 ಅಂಗುಲಕ್ಕಿಂತ ಹೆಚ್ಚು ಮಳೆಯಿಲ್ಲದ ಸೀಮೆಯಲ್ಲಿ 10 ವರ್ಷ, ಗಣಿಯವರೇ ಅದರ ಜವಾಬ್ದಾರರು. ಉತ್ತಮ ಬೇಸಾಯದ ನೆಲದಲ್ಲಂತೂ ಬರಿಯ ಹಸುರು ಸಾಲದು. ಸುತ್ತಲಿನ ಗಣಿ ಕಾಣದ ಅಂಥದೇ ಹೊಲಕ್ಕೆ ಸಮನಾದ ಇಳುವರಿಯನ್ನು ಮೂರು ಬೆಳೆಗಳಲ್ಲಿ ತೋರಿಸಿದ ಮೇಲೆಯೇ ಠೇವಣಿ ವಾಪಸು. ಹಿಂದೆ ಕೆಟ್ಟುಹೋಗಿ ವಾರಸುದಾರರಿಲ್ಲದ ನೆಲಗಳ ದುರಸ್ತಿಗಾಗಿ ತೆರೆದ ಗಣಿಯಿಂದ ತೆಗೆದ ಪ್ರತಿ ಟನ್ ಕಲ್ಲಿದ್ದಲಿನ ಮೇಲೆ 35 ಸೆಂಟ್ ಸುಂಕವನ್ನೂ ಆಗ ಹಾಕಿದರು.

ಕೊಯ್ಲನ್ನೇ ಸಾಕ್ಷಿಯಾಗಿ ಕೇಳಿದ್ದು ಈ ಕಾನೂನಿನ ದೊಡ್ಡತನ. ಕಾಗದದ ಮೇಲೆ ಏನು ಬೇಕಾದರೂ ಬರೆಯಬಹುದು. ಕಣದಲ್ಲಿ ರಾಶಿ ಸುಳ್ಳು ಹೇಳುವುದಿಲ್ಲ.

ಸರಿ, ಕಾನೂನು ಬಂತು, ಮಣ್ಣು ಹಾಸಿದರು. ಪೈರು ಬಂತೇ? ಇಲ್ಲೇ ಇರುವುದು ಸ್ವಾರಸ್ಯ. ಮೇಲ್ಮಣ್ಣು ಅದೇ, ಕೆಳಮಣ್ಣು ಅದೇ, ಗೊಬ್ಬರ ಬೇಕಾದಷ್ಟು. ಆದರೂ ಅನೇಕ ಕಡೆ ಮೆಕ್ಕೆಜೋಳ ಮೊಳಕಾಲೆತ್ತರಕ್ಕೆ ಬಂದು ಬಿಸಿಲು ಬಿದ್ದ ಕೂಡಲೆ ಸೊರಗುತ್ತಿತ್ತು. ಇಲಿನಾಯ್ ವಿಶ್ವವಿದ್ಯಾಲಯದ ಮಣ್ಣಿನ ಶಾಸ್ತ್ರಜ್ಞರು ವರ್ಷಗಟ್ಟಲೆ ಪ್ರಯೋಗ ಮಾಡಿ ಕಾರಣ ಹುಡುಕಿದರು. ಮಣ್ಣು ಹೊತ್ತು ತರುವ ಭಾರಿ ಚಕ್ರದ ಯಂತ್ರಗಳು ಹಾಸಿದ ಮಣ್ಣಿನ ಮೇಲೆಯೇ ಮತ್ತೆ ಮತ್ತೆ ಓಡಾಡಿ, ಒಂದೊಂದು ಪದರವನ್ನೂ ತುಳಿದು ಕಣದಂತೆ ಗಟ್ಟಿಮಾಡಿದ್ದವು. ಬೇರು ಕೆಳಗಿಳಿಯಲಾರದು, ಮಳೆನೀರು ಒಳಗೆ ಇಂಗಲಾರದು. ಹೊರಗೆ ನೋಡಿದರೆ ಸಮನಾಗಿ ಅಂದವಾಗಿ ಹಾಸಿದ ಹೊಲ, ಒಳಗೆ ಕಲ್ಲು!

ಮಣ್ಣಿನ ಮೇಲೆ ಗಾಡಿ ಓಡಾಡದಂತೆ ಹಿಂದಿನಿಂದ ಸುರಿಯುತ್ತಾ ಬಂದ ಕಡೆಗಳಲ್ಲಿ, ಮತ್ತು ಸಾಗಣೆಯ ಪಟ್ಟಿಯಿಂದ ಸಡಿಲವಾಗಿ ಉದುರಿಸಿದ ಕಡೆಗಳಲ್ಲಿ, ಪೈರು ಚೆನ್ನಾಗಿ ಬಂತು. ಗಟ್ಟಿಯಾದ ಕಡೆ 4 ಅಡಿ ಆಳಕ್ಕೆ ಇಳಿಯುವ ಭಾರಿ ನೇಗಿಲುಗಳಿಂದ ಸೀಳಿ ನೋಡಿದರು. ಅದರಿಂದ ಇಳುವರಿ ಸುಧಾರಿಸಿತು, ಆದರೆ ಖರ್ಚು ವಿಪರೀತ. ಮಾಡುವಾಗಲೇ ಹದವಾಗಿ ಮಾಡಿದ್ದರೆ ಆ ಖರ್ಚು ಏಕೆ ಬರುತ್ತಿತ್ತು? ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಆಯಿತು.

ಹುಲ್ಲಿನ ವಿಷಯದಲ್ಲೂ ಇಂಥದೇ ಪಾಠ. ಕಾನೂನು ಬೇಗ ಹಸುರು ಕೇಳುತ್ತದೆ ಎಂದು ಕೆಂಟಕಿ 31 ಎಂಬ ಜಾತಿಯ ಒರಟು ಹುಲ್ಲನ್ನು ಎಲ್ಲೆಡೆ ದಟ್ಟವಾಗಿ ಬಿತ್ತಿದರು. ನೆಲ ಕೊಚ್ಚುವುದು ನಿಂತಿತು, ಅದೇನೋ ನಿಜ. ಆದರೆ ಆ ಹುಲ್ಲು ಎಳೆಯ ಮರದ ಸಸಿಗಳನ್ನು ಮೇಲೇಳಲು ಬಿಡಲಿಲ್ಲ. ಏಷ್ಯಾ ಖಂಡದಿಂದ ತಂದ ಸಿರೀಸಿಯಾ ಎಂಬ ದ್ವಿದಳ ಜಾತಿಯ ಮೇವಿನ ಗಿಡ ಬಡ ನೆಲದಲ್ಲೂ ಬೆಳೆಯುತ್ತದೆಂದು ಅದನ್ನೂ ಹರಡಿದರು. ಅದು ಈಗ ಅಲ್ಲಿಯ ಹಲವು ಸಂಸ್ಥಾನಗಳಲ್ಲಿ ಕೀಳಲಾಗದ ಕಳೆಯಾಗಿದೆ. 2004ರಿಂದ ಈಚೆಗೆ ಗುಡ್ಡಸೀಮೆಯಲ್ಲಿ ಬೇರೆ ಕ್ರಮ ಬಂತು: ಮರ ಬೆಳೆಸಬೇಕಾದ ಕಡೆ 4 ಅಡಿ ಸಡಿಲವಾದ ಮಣ್ಣುಕಲ್ಲು, ಮೇಲೆ ತುಳಿತವಿಲ್ಲ, ವಿರಳವಾದ ಮೃದು ಹುಲ್ಲು, ಆಮೇಲೆ ನಾಡಿನ ಮರಗಳು.

ಈ ಎಲ್ಲ ಅನುಭವದಿಂದ ಗಟ್ಟಿಯಾದ ಬಿತ್ತನೆಯ ಕ್ರಮವನ್ನು ಇನ್ನು ಹೇಳುತ್ತೇನೆ. ಮನೆಯ ಹೆಂಗಸರೂ ಗಮನವಿಟ್ಟು ಕೇಳಬೇಕು. ಬೀಜದ ಹದ ಅವರಿಗೇ ಚೆನ್ನಾಗಿ ಗೊತ್ತು.

ಮೊದಲನೆಯದು, ಒಟ್ಟಿದ ಮಣ್ಣನ್ನು ಬಹಳ ಕಾಲ ಕಾಯಿಸಬಾರದು. ಎತ್ತರವಾಗಿ ಒಟ್ಟಿದ ರಾಶಿಯ ಒಳಭಾಗಕ್ಕೆ ಗಾಳಿ ಹೋಗುವುದಿಲ್ಲ. ಅಲ್ಲಿಯ ಎರೆಹುಳು, ಬೇರಿಗೆ ಅಂಟಿ ಬದುಕುವ ಶಿಲೀಂಧ್ರ, ಬೀಜದ ಕಸುವು ದಿನೇ ದಿನೇ ಕುಂದುತ್ತವೆ. ಹಿಟ್ಟನ್ನು ವರ್ಷಗಟ್ಟಲೆ ಮೂಟೆಯಲ್ಲಿಟ್ಟ ಹಾಗೆ. ಒಂದು ಕಡೆ ಸುಲಿದ ಮಣ್ಣನ್ನು ಕೂಡಲೆ ಇನ್ನೊಂದು ಕಡೆ ಮುಚ್ಚಿದ ಹಳ್ಳದ ಮೇಲೆ ಹಾಸುವುದೇ ಅತ್ಯುತ್ತಮ.

ಎರಡನೆಯದು, ಹಸಿ ಮಣ್ಣನ್ನು ಮುಟ್ಟಬಾರದು. ಕೈಯಲ್ಲಿ ಹಿಡಿದು ಹಿಚುಕಿದರೆ ಉಂಡೆಯಾಗಿ ನಿಲ್ಲುವಷ್ಟು ತೇವ ಇದ್ದಾಗ ಗಾಡಿ ಓಡಿಸಿದರೆ ಮಣ್ಣು ಹೆಂಚಾಗುತ್ತದೆ. ಹುಡಿಯಾಗುವ ಹದದಲ್ಲೇ ತೆಗೆಯಬೇಕು, ಹದದಲ್ಲೇ ಹಾಸಬೇಕು.

ಮೂರನೆಯದು, ಹಾಸುವ ಮೊದಲು ಅಡಿಯ ನೆಲವನ್ನು ಗೀರಿ ಒರಟು ಮಾಡಬೇಕು. ನುಣ್ಣನೆಯ ನೆಲದ ಮೇಲೆ ಮಣ್ಣು ಹಾಸಿದರೆ, ಮಳೆ ಬಂದಾಗ ಚಾಪೆ ಜಾರಿದಂತೆ ಜಾರುತ್ತದೆ. ಎರಡು ಪದರಗಳೂ ಕಚ್ಚಿಕೊಂಡರೆ ಬೇರಿಗೂ ದಾರಿ, ನೀರಿಗೂ ದಾರಿ.

ನಾಲ್ಕನೆಯದು, ಮಣ್ಣಿನ ಪರೀಕ್ಷೆ. ಹುಳಿಯಿದ್ದರೆ ಲೆಕ್ಕ ನೋಡಿ ಸುಣ್ಣ. ಸಾರವಿಲ್ಲದಿದ್ದರೆ ಕೊಟ್ಟಿಗೆ ಗೊಬ್ಬರ, ರಂಜಕ. ಇವನ್ನು ಬಿತ್ತುವ ಮೊದಲೇ ಮಣ್ಣಿಗೆ ಸೇರಿಸಬೇಕು. ಇಳಿಜಾರಿಗೆ ಅಡ್ಡಲಾಗಿ ಕುಂಟೆ ಹೊಡೆಯಬೇಕೇ ಹೊರತು ಮೇಲಿಂದ ಕೆಳಕ್ಕೆ ಹೊಡೆಯಬಾರದು.

ಐದನೆಯದು, ಬೀಜ. ಒಂದೇ ಜಾತಿ ಬೇಡ. ಬೇಗ ಮೊಳೆತು ನೆಲವನ್ನು ಮುಚ್ಚುವ ಓಟ್ಸ್, ಗೋಧಿಯಂಥ ಧಾನ್ಯವನ್ನು ತೆಳುವಾಗಿ ಎರಚುತ್ತಾರೆ; ಅದು ದಾದಿಯಂತೆ ಉಳಿದ ಸಸಿಗಳಿಗೆ ನೆರಳು ಕೊಡುತ್ತದೆ. ದಾದಿಯ ಬೆಳೆ ದಟ್ಟವಾದರೆ ಕೂಸನ್ನೇ ನುಂಗುತ್ತದೆ, ಎಚ್ಚರ. ಅದರ ಜೊತೆಗೆ ಬಹುಕಾಲದ ಹುಲ್ಲು, ಅದರ ಜೊತೆಗೆ ದ್ವಿದಳ ಜಾತಿ. ಬಹಳ ಕಾಲ ಒಟ್ಟಿದ ಮಣ್ಣಿನಲ್ಲಿ ಬೇರುಗಂಟಿನ ಜೀವಾಣು ಕುಂದಿರುವುದರಿಂದ ದ್ವಿದಳ ಬೀಜಕ್ಕೆ ಜೀವಾಣು ಲೇಪನ ತಪ್ಪಿಸಬಾರದು. ಸಣ್ಣ ಬೀಜ ಕಾಲಂಗುಲದಿಂದ ಅರ್ಧ ಅಂಗುಲಕ್ಕಿಂತ ಆಳ ಹೋಗಬಾರದು.

ಆರನೆಯದು, ಹೊದಿಕೆ. ಬಿತ್ತಿದ ಮೇಲೆ ಎಕರೆಗೆ ಸುಮಾರು 2 ಟನ್ ಒಣಹುಲ್ಲನ್ನು ಹರಡಿ, ಗಾಳಿಗೆ ಹಾರದಂತೆ ಮಣ್ಣಿಗೆ ಒತ್ತುತ್ತಾರೆ. ಮಳೆಹನಿಯ ಪೆಟ್ಟು ತಪ್ಪುತ್ತದೆ, ಮಣ್ಣಿನ ಮೇಲೆ ಹಪ್ಪಳ ಕಟ್ಟುವುದಿಲ್ಲ, ತೇವ ಉಳಿಯುತ್ತದೆ.

ಇಷ್ಟು ಮಾಡಿದ ಮೇಲೂ ಆತುರ ಸಲ್ಲದು. ಜರ್ಮನಿ ದೇಶದ ರೈನ್ ನದಿಯ ಸೀಮೆಯಲ್ಲಿ ಕಂದು ಕಲ್ಲಿದ್ದಲಿನ ಗಣಿಗಳ ಮೇಲೆ ಗಾಳಿ ತಂದು ಕೂಡಿಹಾಕಿದ ಫಲವತ್ತಾದ ಮಣ್ಣನ್ನು 2 ಮೀಟರ್ ದಪ್ಪಕ್ಕೆ ಹಾಸುತ್ತಾರೆ. ಮೊದಲ ಮೂರು ವರ್ಷ ಅಲ್ಲಿ ಧಾನ್ಯ ಬಿತ್ತುವುದಿಲ್ಲ. ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್, ಬಿತ್ತುತ್ತಾರೆ. ಅದರ ಬೇರು ಆಳಕ್ಕಿಳಿದು ಮಣ್ಣನ್ನು ಸೀಳುತ್ತದೆ, ಸಾರಜನಕ ಕೂಡಿಸುತ್ತದೆ. ಒಟ್ಟು 7 ವರ್ಷ ಗಣಿಯವರೇ ಬೇಸಾಯ ನಡೆಸಿ, ಆಮೇಲೆ ರೈತರಿಗೆ ಒಪ್ಪಿಸುತ್ತಾರೆ. ಹಸುಗೂಸನ್ನು ನೊಗಕ್ಕೆ ಕಟ್ಟುವರುಂಟೇ?

ಇನ್ನು ನಮ್ಮ ನಾಡಿನ ಮಾತು. ಸಂಡೂರು, ಹೊಸಪೇಟೆ, ಬಳ್ಳಾರಿ ಸೀಮೆಯಲ್ಲಿ ಕಬ್ಬಿಣದ ಅದಿರಿಗಾಗಿ ಬೆಟ್ಟಗಳನ್ನು ಸೀಳಿದ್ದು, ಕೆಂಪು ಧೂಳು ಹೊಲಗಳ ಮೇಲೆ ಕೂತದ್ದು ನಿಮಗೆ ತಿಳಿದ ಸಂಗತಿ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲೂ ನಿಂತಿತು. ಪ್ರತಿಯೊಂದು ಗಣಿಗೂ ನೆಲದ ಪುನರುಜ್ಜೀವನದ ಯೋಜನೆ ಆಗಬೇಕು, ಆಮೇಲೆಯೇ ಕೆಲಸ ಎಂದಾಯಿತು. ಅತಿ ಹೆಚ್ಚು ತಪ್ಪು ಮಾಡಿದ ಗಣಿಗಳ ಗುತ್ತಿಗೆಯನ್ನು 2013ರ ಏಪ್ರಿಲ್ 18ರ ತೀರ್ಪು ರದ್ದುಮಾಡಿತು. ಮೇಲ್ಮಣ್ಣನ್ನು ಬೇರೆಯಾಗಿ ತೆಗೆದಿಟ್ಟು ನೆಲದ ದುರಸ್ತಿಗೆ ಬಳಸಬೇಕೆಂಬ ನಿಯಮ ನಮ್ಮ ದೇಶದಲ್ಲಿ 1988ರಿಂದಲೇ ಇದೆ, 2017ರ ನಿಯಮಗಳಲ್ಲೂ ಇದೆ. 2020ರ ಜನವರಿ 8ರಂದು ಸುಪ್ರೀಂ ಕೋರ್ಟು ಇನ್ನೊಂದು ಹೆಜ್ಜೆ ಇಟ್ಟಿತು. ಗಣಿ ಮುಗಿದ ಮೇಲೆ ಗಣಿ ಹಿಡಿದವರು ತಮ್ಮ ಖರ್ಚಿನಲ್ಲೇ ಆ ನೆಲಕ್ಕೆ ಮತ್ತೆ ಹುಲ್ಲು ಹಿಡಿಸಿ, ಮೇವಿಗೂ ಗಿಡಮರಕ್ಕೂ ಪ್ರಾಣಿಗಳಿಗೂ ತಕ್ಕದಾಗಿ ಮಾಡಬೇಕೆಂಬ ಷರತ್ತನ್ನು ಗುತ್ತಿಗೆಗಳಲ್ಲಿ ಸೇರಿಸುವಂತೆ ಕೇಂದ್ರ ಸರ್ಕಾರಕ್ಕೆ ಆಜ್ಞೆ ಮಾಡಿತು. ಬರಿಯ ನೀಲಗಿರಿ ನೆಟ್ಟು ಲೆಕ್ಕ ತೋರಿಸುವುದಲ್ಲ. ದನಕ್ಕೆ ಮೇವು ಎಂಬ ಮಾತು ಆ ಆಜ್ಞೆಯಲ್ಲಿ ಉಂಟು. ಊರಿನವರು ಇದನ್ನು ನೆನಪಿಡಬೇಕು, ಗ್ರಾಮಸಭೆಯಲ್ಲಿ ಕೇಳಬೇಕು.

ಅದಿರಿನ ಬೆಟ್ಟ ಇಲಿನಾಯ್‌ನ ಬಯಲಲ್ಲ, ಅದು ಹೊಲವಾಗಲಾರದು. ಬೆಟ್ಟದ ಮೇಲ್ಮಣ್ಣು ತೆಳು, ಇಳಿಜಾರು ಕಡಿದು, ಬಯಲುಸೀಮೆಯ ಮಳೆ ಕಡಿಮೆ. ಅಲ್ಲಿ ಮೊದಲ ಕೆಲಸ ಮಣ್ಣು ಜಾರದಂತೆ ಮೆಟ್ಟಿಲು, ಕಾಲುವೆ, ಕಲ್ಲಿನ ತಡೆ. ಆಮೇಲೆ ಮುಂಗಾರಿನ ಮೊದಲ ಹದಕ್ಕೆ ನಾಡಿನ ಹುಲ್ಲು, ಹಮಾಟದಂಥ ದ್ವಿದಳ ಮೇವು. ಅದರ ಹಿಂದೆ ಹೊಂಗೆ, ಬೇವು.

ನಮ್ಮೂರಲ್ಲಿ ಗಣಿಯೇ ಇಲ್ಲ, ನಮಗೇಕೆ ಈ ಕಥೆ ಅಂತೀರಾ? ಇಟ್ಟಿಗೆ ಗೂಡಿಗೆ ಹೊಲದ ಮಣ್ಣು ಮಾರುವವರು ಎಷ್ಟು ಜನ ಇಲ್ಲ! ಹೊಲ ಮಟ್ಟಮಾಡಲು ಜೆಸಿಬಿ ತಂದು, ದಿಣ್ಣೆಯ ಒಳ್ಳೆಯ ಮಣ್ಣನ್ನು ತಗ್ಗಿನಲ್ಲಿ ಹೂತು, ದಿಣ್ಣೆಯಲ್ಲಿ ಬರಿಯ ಸುದ್ದೆ ಬಿಡುವುದನ್ನು ಕಾಣುವುದಿಲ್ಲವೇ? ಅದೂ ಒಂದು ಸಣ್ಣ ಗಣಿಯೇ. ಮಟ್ಟಮಾಡುವ ಮೊದಲು ಮೇಲಿನ ಮುಕ್ಕಾಲು ಅಡಿ ಮಣ್ಣನ್ನು ಬದುವಿನ ಕಡೆಗೆ ಬೇರೆ ಒಟ್ಟಿಸಿ, ಕೆಳಗಿನದನ್ನು ಮಟ್ಟಮಾಡಿಸಿ, ಆಮೇಲೆ ಅದನ್ನೇ ಮೇಲೆ ಹಾಸಿಸಿ. ಯಂತ್ರದ ಬಾಡಿಗೆ ಒಂದೆರಡು ಗಂಟೆಯದು ಹೆಚ್ಚಾದೀತು. ಹತ್ತು ವರ್ಷದ ಬೆಳೆ ಉಳಿದೀತು. ಮಣ್ಣು ಹಸಿಯಿದ್ದ ದಿನ ಯಂತ್ರವನ್ನು ಹೊಲಕ್ಕೆ ಬಿಡಬೇಡಿ. ಮೊದಲ ವರ್ಷ ಅಪ್ಸೆಣಬನ್ನೋ ಹುರುಳಿಯನ್ನೋ ಅಲಸಂದೆಯನ್ನೋ ಬಿತ್ತಿ, ಹಸುರೆಲೆ ಗೊಬ್ಬರವಾಗಿ ಮಣ್ಣಿಗೇ ಸೇರಿಸಿ. ಬೇಸಗೆಯಲ್ಲಿ ಕೆರೆಗೋಡು ಸಿಕ್ಕರೆ ಹೊಡೆಯಿರಿ.

ಗುತ್ತಿಗೆಗೋ ಕಲ್ಲುಕ್ವಾರಿಗೋ ನೆಲ ಕೊಡುವ ಪ್ರಸಂಗ ಬಂದರೆ, ಸಹಿ ಹಾಕುವ ಮೊದಲು ಪತ್ರವನ್ನು ಪೂರ್ತಿ ಓದಿಸಿಕೊಳ್ಳಿ. ಮೇಲ್ಮಣ್ಣು ಎಲ್ಲಿ ಒಟ್ಟುತ್ತಾರೆ, ಯಾವಾಗ ಹಾಸುತ್ತಾರೆ, ಬೆಳೆ ಬರುವ ತನಕ ಹೊಣೆ ಯಾರದು, ಇವು ಮೂರೂ ಬರವಣಿಗೆಯಲ್ಲಿ ಇರಲಿ. ಕೆಂಟಕಿಯ ತಾತಂದಿರು ಹಾಕಿದ ಸಹಿಗೆ ಮೊಮ್ಮಕ್ಕಳು ಎಷ್ಟು ಬೆಲೆ ತೆತ್ತರೆಂಬುದನ್ನು ಈಗಷ್ಟೆ ಕೇಳಿದಿರಿ.

ಕಿತ್ತ ಮಣ್ಣಿನಲ್ಲಿ ಮತ್ತೆ ಪೈರು ಬರುತ್ತದೆ, ಅನುಮಾನವಿಲ್ಲ. ಆದರೆ ಅದು ಬರುವುದು ಕೀಳುವ ದಿನವೇ ಹಾಸುವ ದಿನವನ್ನು ಯೋಚಿಸಿದವರಿಗೆ.